ಪ್ರೀಸ್ಕೂಲ್ ಆರಿಸುವಾಗ ಟೀಚರಲ್ಲಿ ಏನು ನೋಡಬೇಕು?

ಪ್ರಶ್ನೆ: ಮಗಳಿಗೆ ಮೂರು ವರ್ಷ ತುಂಬಿದೆ. ಎರಡು ಪ್ರೀಸ್ಕೂಲ್ ನೋಡಿ ಬಂದೆವು. ಒಂದರ ಕಟ್ಟಡ ದೊಡ್ಡದು, ದಿನಾ ಫೋನಿಗೆ ಫೋಟೊ ಕಳಿಸುತ್ತಾರೆ, ಆರು ತಿಂಗಳಲ್ಲಿ ಅಕ್ಷರ ಬರೆಸುತ್ತೇವೆ ಅಂದರು. ಇನ್ನೊಂದು ಚಿಕ್ಕದು. ಅಲ್ಲಿ ಆಟವೇ ಜಾಸ್ತಿ. ಆದರೆ ಟೀಚರ್ ಮಗಳ ಪಕ್ಕ ನೆಲದ ಮೇಲೆ ಕೂತು ಮಾತಾಡಿಸಿದರು. ಅವಳು ಅಲ್ಲಿಂದ ಹೊರಡಲೇ ಒಪ್ಪಲಿಲ್ಲ. ನಮ್ಮ ಯಜಮಾನರು ಮೊದಲನೆಯದೇ ಇರಲಿ ಅನ್ನುತ್ತಾರೆ. ನೀವು ಏನು ಹೇಳುತ್ತೀರಿ ಮೇಡಂ?

ಉತ್ತರ: ಇಪ್ಪತ್ತೆರಡು ವರ್ಷದಿಂದ ಈ ವಯಸ್ಸಿನ ಮಕ್ಕಳಿಗೆ ಟೀಚರ್ ಆಗಿದ್ದೇನೆ. ಟೀಚರ್ ನೆಲದ ಮೇಲೆ ಕೂತರು ಅಂದಿರಲ್ಲ, ನಾನಾದರೆ ಮೊದಲು ನೋಡುವುದು ಅದನ್ನೇ.

ಮಗು ಕಿಟಕಿಯಾಚೆ ಕೈ ತೋರಿಸಿ ‘ನಾಯಿ’ ಅನ್ನುತ್ತದೆ ಅಂದುಕೊಳ್ಳಿ. ಒಬ್ಬ ಟೀಚರ್ ‘ಹೂಂ, ಸುಮ್ನೆ ಕೂತ್ಕೋ’ ಅನ್ನುತ್ತಾರೆ. ಇನ್ನೊಬ್ಬರು ‘ಹೌದಲ್ವಾ! ಎಲ್ಲಿಗೆ ಹೊರಟಿದೆ ಅದು?’ ಅಂತ ಕೇಳಿ, ಉತ್ತರಕ್ಕೆ ಕಾಯುತ್ತಾರೆ. ಮಗು ಯೋಚಿಸಿ ‘ಮನೆಗೆ’ ಅನ್ನುತ್ತದೆ. ‘ಮನೇಲಿ ಯಾರಿದ್ದಾರೆ?’ ಹೀಗೆ ಮಾತು ಬೆಳೆಯುತ್ತದೆ. ಮಗುವಿಗೆ ಹೊಸ ಪದ ಸಿಗುವುದು, ನನ್ನ ಮಾತಿಗೂ ಬೆಲೆಯಿದೆ ಅಂತ ಗೊತ್ತಾಗುವುದು ಇಂಥ ಹೊತ್ತಲ್ಲೇ. ಇದು ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೇ ಅರ್ಧ ಗಂಟೆ ಒಂದು ಮೂಲೆಯಲ್ಲಿ ಕೂತು ನೋಡಲು ಅನುಮತಿ ಕೇಳಿ.

ಅಕ್ಷರದ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೆರಳಿಗೂ ಅಷ್ಟು ಶಕ್ತಿ ಇರುವುದಿಲ್ಲ. ಜೇಡಿಮಣ್ಣು ನಾದುವುದು, ಮಣಿ ಪೋಣಿಸುವುದು, ಕಾಗದ ಹರಿಯುವುದು, ಇವೇ ಬರವಣಿಗೆಯ ತಯಾರಿ. ಅದನ್ನು ‘ಬರೀ ಆಟ’ ಅಂದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

1962ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪೆರಿ ಪ್ರೀಸ್ಕೂಲ್ ಅನ್ನುವ ಪ್ರಯೋಗ ಶುರುವಾಯಿತು. ಬಡ ಮನೆಗಳ 123 ಮಕ್ಕಳಲ್ಲಿ 58 ಮಕ್ಕಳನ್ನು ಪ್ರೀಸ್ಕೂಲಿಗೆ ಸೇರಿಸಿದರು, ಉಳಿದವರನ್ನು ಸೇರಿಸಲಿಲ್ಲ. ಐದಾರು ಮಕ್ಕಳಿಗೆ ಒಬ್ಬ ಟೀಚರ್. ವಾರಕ್ಕೊಮ್ಮೆ ಮಗುವಿನ ಮನೆಗೂ ಹೋಗಿ ಬರುತ್ತಿದ್ದರು. ಶುರುವಿನಲ್ಲಿ ಐಕ್ಯೂ ಏರಿತು, ಕೆಲವೇ ವರ್ಷದಲ್ಲಿ ಆ ಅಂತರ ಅಳಿದುಹೋಯಿತು. ಆದರೆ 40ರ ವಯಸ್ಸಿಗೆ ಬಂದಾಗ ನೋಡಿದರೆ, ಪ್ರೀಸ್ಕೂಲಿಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು, ಕೆಲಸದಲ್ಲಿ ಇದ್ದವರು ಜಾಸ್ತಿ. ಪೊಲೀಸರು ಹಿಡಿದದ್ದು ಕಡಿಮೆ. ಹಾಗಾಗಿ ‘ಎಷ್ಟು ಬೇಗ ಓದುತ್ತಾಳೆ’ ಅನ್ನುವುದಕ್ಕಿಂತ ‘ಒಬ್ಬ ಟೀಚರಿಗೆ ಎಷ್ಟು ಮಕ್ಕಳು’ ಅಂತ ಮೊದಲು ಕೇಳಿ.

ಇನ್ನೊಂದನ್ನೂ ಕೇಳಿ: ಈ ಟೀಚರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಮಗು ಒಬ್ಬರನ್ನು ಹಚ್ಚಿಕೊಳ್ಳುವಷ್ಟರಲ್ಲಿ ಅವರು ಬಿಟ್ಟು ಹೋದರೆ, ಅದು ಮತ್ತೆ ಮೊದಲಿಂದ ಶುರು ಮಾಡಬೇಕು. ಟೀಚರುಗಳು ಪದೇ ಪದೇ ಬದಲಾಗುವ ಕಡೆ ಗೋಡೆಯ ಬಣ್ಣ ಎಷ್ಟು ಚೆನ್ನಾಗಿದ್ದರೇನು?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆಗೆ ಹತ್ತಿರ, ಸಮಯ ಹೊಂದುತ್ತದೆ ಅಂತಲೇ ಆರಿಸಿದೆವು. ತಪ್ಪಾಯಿತಾ?

ಉತ್ತರ: ಖಂಡಿತ ಇಲ್ಲ. ಓಡೋಡಿ ಬರುವ ಅಪ್ಪ ಅಮ್ಮನಿಗಿಂತ ಸಮಾಧಾನವಾಗಿ ಬರುವವರು ಮಗುವಿಗೆ ಒಳ್ಳೆಯದು. ಕರೆದುಕೊಂಡು ಹೋಗುವಾಗ ಟೀಚರ್ ಜೊತೆ ಎರಡು ನಿಮಿಷ ನಿಲ್ಲಿ. ‘ಇವತ್ತು ಏನು ಕಲಿಸಿದಿರಿ’ ಅನ್ನುವ ಬದಲು ‘ಯಾರ ಜೊತೆ ಆಡಿದಳು’ ಅಂತ ಕೇಳಿ. ಹಾಗೆ ಕೇಳುವ ತಾಯಂದಿರಿಗೆ ನಾನೇ ಎಷ್ಟೋ ಸಂಗತಿ ನೆನಪಿಟ್ಟುಕೊಂಡು ಹೇಳುತ್ತೇನೆ.

ಪ್ರಶ್ನೆ: ಮಗ ಮೂರು ವಾರದಿಂದ ಬಾಗಿಲಲ್ಲಿ ಅಳುತ್ತಾನೆ. ಐದು ನಿಮಿಷಕ್ಕೆ ಸರಿಹೋಗುತ್ತಾನೆ ಅನ್ನುತ್ತಾರೆ. ನಂಬಬಹುದಾ?

ಉತ್ತರ: ಸಾಮಾನ್ಯವಾಗಿ ನಿಜವೇ. ‘ಏನು ಮಾಡಿದರೆ ಸಮಾಧಾನ ಆಗುತ್ತಾನೆ?’ ಅಂತ ಕೇಳಿ ನೋಡಿ. ‘ಕೆಂಪು ಲಾರಿ ಕೊಟ್ಟರೆ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಾನೆ’ ಅನ್ನುವವರು ಅವನನ್ನು ಗಮನಿಸಿದ್ದಾರೆ. ‘ಎಲ್ಲರೂ ಹಾಗೇ ಬಿಡಿ’ ಅಂದರೆ ಇನ್ನಷ್ಟು ಕೇಳಿ. ನೀವಂತೂ ಕಣ್ತಪ್ಪಿಸಿ ಹೋಗಬೇಡಿ, ಹೇಳಿಯೇ ಹೋಗಿ. ನಿದ್ದೆ ಕೆಟ್ಟರೆ, ಒಬ್ಬರ ಹೆಸರೆತ್ತಿದರೆ ಸಾಕು ಹೆದರಿದರೆ, ಕಾಯಬೇಡಿ, ತಕ್ಷಣ ಹೋಗಿ ಮಾತಾಡಿ.

ಮೊದಲು ಪ್ರಶ್ನೆ ಕೇಳಿದವರು: ಮೇಡಂ, ನಮ್ಮ ಯಜಮಾನರೇ ಆ ಚಿಕ್ಕ ಶಾಲೆಗೆ ಹೋಗಿ ಅರ್ಧ ಗಂಟೆ ಕೂತು ಬಂದರು. ಒಬ್ಬ ಹುಡುಗ ನೀರು ಚೆಲ್ಲಿದನಂತೆ. ಟೀಚರ್ ಬೈಯದೆ ಅವನಿಗೊಂದು ಬಟ್ಟೆ ಕೊಟ್ಟು, ತಾವೂ ಒಂದು ಹಿಡಿದು ಜೊತೆಗೆ ಒರೆಸಿದರಂತೆ. ಸೋಮವಾರ ಅಲ್ಲಿಗೇ ಸೇರಿಸುತ್ತಿದ್ದೇವೆ.

ಉತ್ತರ: ಓದಿ ತುಂಬ ಖುಷಿಯಾಯಿತು. ನೀರು ಬೇಕಾದರೆ, ಮೂತ್ರಕ್ಕೆ ಹೋಗಬೇಕಾದರೆ, ಮನೆಯಲ್ಲಿ ಅವಳು ಯಾವ ಮಾತು ಬಳಸುತ್ತಾಳೆ ಅಂತ ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ಮೊದಲ ವಾರ ಅದು ಇಬ್ಬರಿಗೂ ಬೇಕಾಗುತ್ತದೆ.