ಕೇವುಡಿ ತಂಬಾಕು ಪೈಪಿನ ಸ್ಟೆಮ್ ಸೊಟ್ಟ ನಿಲ್ಲುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕೇವುಡಿ ಬ್ರ್ಯಾಂಡಿನ ಡ್ರಿಂಕ್‌ಲೆಸ್ ಮಾದರಿಯ ಪೈಪ್ ಸಿಕ್ಕಿತು. ಬ್ರೈಯರ್ ಮರ ಚೆನ್ನಾಗಿದೆ, ಬಿರುಕಿಲ್ಲ. ಆದರೆ ಸ್ಟೆಮ್, ಅಂದರೆ ಬಾಯಿಗಿಡುವ ಕೊಳವೆ, ಬಿಗಿ ಮಾಡಿದರೆ ಕಾಲು ಸುತ್ತು ಜಾಸ್ತಿ ಹೋಗಿ ಸೊಟ್ಟ ನಿಲ್ಲುತ್ತೆ. ಹೊಗೆಯೂ ಸರಿಯಾಗಿ ಬರಲ್ಲ. ಸ್ಟೆಮ್‌ನಿಂದ ಪೈಪಿನೊಳಕ್ಕೆ ಚಾಚಿರುವ ಲೋಹದ ತುಂಡು, ಸ್ಟಿಂಗರ್, ಅದನ್ನು ಕತ್ತರಿಸಿಬಿಡಿ ಅಂತಾರೆ ಕೆಲವರು. ಕತ್ತರಿಸಲಾ?

ಉತ್ತರ: ದಯವಿಟ್ಟು ಬೇಡ ಸರ್. ಮೊದಲು ಸ್ಟಿಂಗರ್ ತುದಿಯ ಗುಂಡಿನಲ್ಲಿ ಎಷ್ಟು ತೂತು ಇವೆ ನೋಡಿ. ನಾಲ್ಕಿದ್ದರೆ ಹಳೇದು, ಮೂರು ತೂತಿನವು ಆಮೇಲೆ ಬಂದವು. ಸಂಗ್ರಹ ಮಾಡುವವರು ನಾಲ್ಕು ತೂತಿನದನ್ನೇ ಹುಡುಕುತ್ತಾರೆ. ಕತ್ತರಿಸಿದರೆ ಆ ಬೆಲೆ ಹೋಯಿತು.

ಡ್ರಿಂಕ್‌ಲೆಸ್ 1930ರ ದಶಕದಿಂದ ಬಂದದ್ದು. ಇದರಲ್ಲಿ ಸ್ಟೆಮ್ ಒತ್ತಿ ಕೂರಿಸೋದಲ್ಲ, ಲೋಹದ ಥ್ರೆಡ್‌ನಲ್ಲಿ ತಿರುಗಿಸಿ ಕೂರಿಸೋದು. ವರ್ಷಗಟ್ಟಲೆ ಬಿಚ್ಚಿ ಹಾಕಿ ಮಾಡಿದರೆ ಲೋಹ ಸವೆದು ಸ್ಟೆಮ್ ಮುಂದೆ ಹೋಗುತ್ತೆ. ಇಷ್ಟು ಹಳೇ ಪೈಪಿಗೆ ಇದು ಮಾಮೂಲಿ.

ಪೈಪ್ ಕ್ಲೀನರ್ (ನೂಲು ಸುತ್ತಿದ ತಂತಿ) ಆಲ್ಕೋಹಾಲ್‌ನಲ್ಲಿ ಅದ್ದಿ ಥ್ರೆಡ್, ಸ್ಟಿಂಗರ್ ತೂತು ಎರಡನ್ನೂ ಉಜ್ಜಿ. ಕಪ್ಪು ಕಿಟ್ಟ ಬರುತ್ತೆ. ಹೊಗೆ ಕಟ್ಟೋದಕ್ಕೆ ಮುಕ್ಕಾಲು ಪಾಲು ಅದೇ ಕಾರಣ. ಬೌಲ್, ಅಂದರೆ ತಂಬಾಕು ತುಂಬುವ ಬಟ್ಟಲಿನ ಹೊರಗಡೆ ಮಾತ್ರ ತಾಗಿಸಬೇಡಿ, ಬಣ್ಣ ಎದ್ದು ಬರುತ್ತೆ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೇ ಬೆಂಕಿ ಹತ್ತಿರ ತನ್ನಿ.

ಆಮೇಲೆ ಲೈಟರ್ ಉರಿಯನ್ನು ಸ್ಟಿಂಗರ್ ತುದಿಗೆ ಮಾತ್ರ ಕೆಲವು ಸೆಕೆಂಡು ಹಿಡಿಯಿರಿ. ಸ್ಟೆಮ್ ವಲ್ಕನೈಟ್, ಅಂದರೆ ಗಟ್ಟಿ ರಬ್ಬರ್. ಗಂಧಕದ ವಾಸನೆ ಬಂತು ಅಂದರೆ ಅದು ಸುಡುತ್ತಿದೆ, ತಕ್ಷಣ ಉರಿ ತೆಗೆಯಿರಿ. ಲೋಹ ಕಾದಾಗ ಸ್ಟೆಮ್ ಒಳಗಿನ ಹಿಡಿತ ಸಡಿಲವಾಗುತ್ತೆ. ಬಿಸಿ ಇರುವಾಗಲೇ ಬೌಲ್‌ಗೆ ಕೂರಿಸಿ ಬಿಗಿ ಮಾಡಿ, ಮುಂದಕ್ಕೇ ತಿರುಗಿಸುತ್ತಾ ನೇರಕ್ಕೆ ತನ್ನಿ. ಹಿಂದಕ್ಕೆ ತಿರುಗಿಸಿದರೆ ಸುಮ್ನೆ ಥ್ರೆಡ್ ಬಿಚ್ಚಿಕೊಳ್ಳುತ್ತೆ ಅಷ್ಟೆ. ಜಗ್ಗಲಿಲ್ಲ ಅಂದರೆ ಬಿಚ್ಚಿ ಮತ್ತೆ ಕಾಯಿಸಿ. ಬಲ ಹಾಕಿದರೆ ಶ್ಯಾಂಕ್, ಅಂದರೆ ಸ್ಟೆಮ್ ಕೂರುವ ಮರದ ಕತ್ತು, ಸೀಳುತ್ತೆ. ನೇರ ಬಂದ ಮೇಲೆ ತಣ್ಣಗಾಗುವವರೆಗೆ ಮುಟ್ಟಬೇಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಕಿಟ್ಟ ತೆಗೆದ ಕೂಡಲೇ ಹೊಗೆ ಸಲೀಸಾಯಿತು. ಕಾಯಿಸೋ ಮುಂಚೆ ಒಂದು ಮಾತು. ಸ್ಟೆಮ್ ಮೇಲಿನ ಬಿಳಿ ಎಲೆ ಗುರುತು ಮೇಲುಗಡೆ ಬರಬೇಕಾ, ಪಕ್ಕಕ್ಕಾ?

ಉತ್ತರ: ಎರಡೂ ಇವೆ. ಹಳೇ ಕೇವುಡಿಗಳಲ್ಲಿ ಮೇಲುಗಡೆ ಇರುತ್ತಿತ್ತು, ಆಮೇಲಿನವುಗಳಲ್ಲಿ ಎಡಪಕ್ಕಕ್ಕೆ ಬಂತು. ಮೊದಲು ಕಚ್ಚುವ ಚಪ್ಪಟೆ ತುದಿಯನ್ನು ಬೌಲ್‌ನ ಬಾಯಿಗೆ ಸಮವಾಗಿ ಹಿಡಿದು ನೋಡಿ. ಆಗ ಎಲೆ ಮೇಲೆ ಅಥವಾ ಎಡಕ್ಕೆ ಕಂಡರೆ ಅಲ್ಲೇ ನಿಲ್ಲಿಸಿ. ಕೆಳಗೋ ಬಲಕ್ಕೋ ಹೋದರೆ ಇನ್ನರ್ಧ ಸುತ್ತು ಮುಂದೆ ತಿರುಗಿಸಬೇಕು.