ಬಾಣಂತಿ ಕಷಾಯ, ಅರಿಷ್ಟ, ಆಸ್ಪತ್ರೆ ಮಾತ್ರೆ: ಯಾವುದರ ಜೊತೆ ಯಾವುದು ಬೇಡ?

ತುಂಗಾತೀರ (ಪ್ರಶ್ನೆ)
ಸಿಸೇರಿಯನ್ ಆಗಿ ಇವತ್ತಿಗೆ 5ನೇ ದಿನ. ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದು: ಥೈರಾಕ್ಸಿನ್ 50 ಮೈಕ್ರೋಗ್ರಾಂ (ಥೈರಾಯ್ಡ್‌ಗೆ), ನಿಫೆಡಿಪಿನ್ ರಿಟಾರ್ಡ್ 20 ಮಿ.ಗ್ರಾಂ ಎರಡು ಹೊತ್ತು (ಎಂಟನೇ ತಿಂಗಳಿಂದ ಬಿಪಿ), ಮೆಟ್ರೊನಿಡಜೋಲ್ 400 (ಸೋಂಕು ತಡೆಯೋ ಮಾತ್ರೆ) ಇನ್ನೆರಡು ದಿನ, ರಕ್ತ ಹೆಪ್ಪುಗಟ್ಟದಂತೆ ಎನಾಕ್ಸಪರಿನ್ 40 ಇಂಜೆಕ್ಷನ್ 10ನೇ ದಿನದವರೆಗೆ, ಐರನ್, ಕ್ಯಾಲ್ಸಿಯಂ. ಮನೆಯಲ್ಲಿ ತಯಾರಾಗಿರುವುದು: ಬೆಳಿಗ್ಗೆ ಖಾಲಿ ಹೊಟ್ಟೆಗೆ ಶುಂಠಿ, ಹಿಪ್ಪಲಿ, ಜ್ಯೇಷ್ಠಮಧು ಹಾಕಿದ ಕಷಾಯ, ಅಂಟಿನುಂಡೆ, ಮೆಂತ್ಯದುಂಡೆ, ಊಟ ಆದ ಮೇಲೆ ದಶಮೂಲಾರಿಷ್ಟ, ರಾತ್ರಿ ಹಾಲಿಗೆ ಅಶ್ವಗಂಧ. ಶುಗರ್ ಇಲ್ಲ. ಯಾವುದು ಇರಲಿ, ಯಾವುದು ಬೇಡ? "ಎಲ್ಲ ಬಿಟ್ಟುಬಿಡಿ" ಅನ್ನಬೇಡಿ, ಅದು ನಮ್ಮನೇಲಿ ನಡೆಯಲ್ಲ.

ಔಷಧಿ ಕೌಂಟರ್
ಎಲ್ಲ ಬಿಡಬೇಕಿಲ್ಲ. ಆದರೆ ಎರಡನ್ನು ಇವತ್ತೇ ನಿಲ್ಲಿಸಿ.

ಒಂದು, ಜ್ಯೇಷ್ಠಮಧು. ಅದರಲ್ಲಿರುವ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಬಿಪಿ ಏರುತ್ತದೆ. ಹೆರಿಗೆಯಾದ 3ರಿಂದ 6ನೇ ದಿನ ಬಿಪಿ ತಾನಾಗೇ ಏರುವ ಹೊತ್ತು. ಮಾತ್ರೆ ಒಂದು ಕಡೆ ಇಳಿಸುತ್ತಿರುತ್ತದೆ, ಕಷಾಯ ಇನ್ನೊಂದು ಕಡೆ ಏರಿಸುತ್ತಿರುತ್ತದೆ.

ಎರಡು, ಅರಿಷ್ಟ. ಹುದುಗಿ ಹುಟ್ಟಿದ ಆಲ್ಕೋಹಾಲ್ ಅದರಲ್ಲಿ ಸುಮಾರು 5ರಿಂದ 10 ಶೇಕಡಾ ಇರುತ್ತದೆ, ಬಾಟಲಿ ಮೇಲೇ ಬರೆದಿರುತ್ತದೆ. ಮೆಟ್ರೊನಿಡಜೋಲ್ ಜೊತೆ ಸೇರಿದರೆ ಮುಖ ಕೆಂಪಾಗುವುದು, ಎದೆ ಬಡಿತ, ವಾಂತಿ ಆಗಬಹುದು. ಹೊಲಿಗೆ ಹಸಿಯಿರುವಾಗ ವಾಂತಿ ಎಂದರೆ ಗೊತ್ತಲ್ಲ. ಮೆಟ್ರೊನಿಡಜೋಲ್ ಮುಗಿದು ಕನಿಷ್ಠ 3 ದಿನ ಅರಿಷ್ಟ ಮುಟ್ಟಬೇಡಿ.

ಮಿಕ್ಕದ್ದು ಗಡಿಯಾರದ ಪ್ರಶ್ನೆ. ಹೀಗೆ ಇಟ್ಟುಕೊಳ್ಳಿ:

5.30: ಥೈರಾಕ್ಸಿನ್, ಬರೀ ನೀರಿನಲ್ಲಿ. ಖಾಲಿ ಹೊಟ್ಟೆಯ ಜಾಗ ಇದಕ್ಕೇ ಮೀಸಲು, ಕಷಾಯಕ್ಕಲ್ಲ.
6.30ರ ನಂತರ: ಕಾಫಿ, ತಿಂಡಿ. 7ಕ್ಕೆ ನಿಫೆಡಿಪಿನ್, ಪುಡಿ ಮಾಡದೆ ಇಡಿಯಾಗಿ ನುಂಗಬೇಕು. ಇನ್ನೊಂದು ರಾತ್ರಿ 7ಕ್ಕೆ.
11: ಐರನ್, ನಿಂಬೆ ಪಾನಕದ ಜೊತೆ. ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ, ಕಷಾಯ ಇಲ್ಲ.
1.30 ಮತ್ತು 8.30: ಊಟದ ಜೊತೆ ಕ್ಯಾಲ್ಸಿಯಂ.
4: ಉಂಡೆಗಳು, ಹಾಲು.

ಥೈರಾಕ್ಸಿನ್‌ಗೂ ಐರನ್, ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕೇ ಬೇಕು. ಒಟ್ಟಿಗೆ ನುಂಗಿದರೆ ಅವು ಕರುಳಿನಲ್ಲೇ ಥೈರಾಕ್ಸಿನ್ನನ್ನು ಕಟ್ಟಿಹಾಕುತ್ತವೆ. ಮೆಂತ್ಯ, ಅಂಟಿನ ನಾರೂ ಹೀರಿಕೆ ಕಡಿಮೆ ಮಾಡಬಹುದು, ಅದಕ್ಕೇ ಉಂಡೆ ಸಂಜೆಗೆ. ಇನ್ನೊಂದು: ನಿಫೆಡಿಪಿನ್ ಇರುವಷ್ಟು ದಿನ ಚಕ್ಕೋತ ಬೇಡ, ದೇವನಹಳ್ಳಿಯದೇ ಆದರೂ.

ವೈದ್ಯೆ, ಆಯುರ್ವೇದ
ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಹಿಪ್ಪಲಿಯ ಮಾತು ಬಿಟ್ಟುಹೋಗಿದೆ. ಹಿಪ್ಪಲಿ, ಕಾಳುಮೆಣಸು ಎರಡರಲ್ಲೂ ಪೈಪರಿನ್ ಇದೆ. ಅದು ಔಷಧಿ ಒಡೆಯುವ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ. ಇದು ಊಹೆಯಲ್ಲ. ಕ್ಷಯದ ರಿಫಾಂಪಿಸಿನ್‌ಗೆ 10 ಮಿ.ಗ್ರಾಂ ಪೈಪರಿನ್ ಸೇರಿಸಿ, 450 ಮಿ.ಗ್ರಾಂ ಬದಲು 200ರಲ್ಲೇ ಕೆಲಸ ಸಾಧಿಸುವ ಮಾತ್ರೆಯನ್ನು ಜಮ್ಮುವಿನ ಸಂಶೋಧನಾಲಯದ ಕೆಲಸದ ಆಧಾರದ ಮೇಲೆ ನಮ್ಮಲ್ಲೇ ತಯಾರಿಸಿದ್ದಾರೆ. ನಿಫೆಡಿಪಿನ್ ಕೂಡ ಅಂಥ ಕಿಣ್ವದಿಂದಲೇ ಒಡೆಯುವ ಮಾತ್ರೆ. ಸಾರಿನ ಮೆಣಸು ದಿನವೂ ತಿನ್ನುವುದೇ, ಇರಲಿ. ಹೊಸದಾಗಿ ಚಮಚಗಟ್ಟಲೆ ಹಿಪ್ಪಲಿ ಪುಡಿ ಬೇಡ. ಕಷಾಯಕ್ಕೆ ಶುಂಠಿ, ಜೀರಿಗೆ, ಸ್ವಲ್ಪ ಬೆಲ್ಲ ಸಾಕು, ತಿಂಡಿ ಆದ ಮೇಲೆ.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. 6ನೇ ವಾರ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನೋಡಿದಾಗ ಅದು ಮಾತ್ರೆಯ ಕೆಲಸವೋ ಬೇರಿನದೋ ತಿಳಿಯದೆ ಡೋಸ್ ತಪ್ಪುತ್ತದೆ. ಹಾಲೂಡಿಸುವಾಗ ಬೇಡವೇ ಬೇಡ.

ಲೇಹ್ಯ, ಗುಳಿಗೆ ಕೊಂಡರೆ ಲೇಬಲ್ ಓದಿ. ಭಸ್ಮ, ಸಿಂಧೂರ, ರಸ (ಲೋಹ, ಪಾದರಸ ಸೇರಿದ ತಯಾರಿಕೆಗಳು) ಎಂದಿದ್ದರೆ ಬಾಣಂತಿಗೆ ಕೊಡಬೇಡಿ. 2012ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರದಿ ಮಾಡಿದ ನ್ಯೂಯಾರ್ಕಿನ ಆರು ಗರ್ಭಿಣಿಯರಿಗೆ ಸೀಸದ ವಿಷ ಏರಿದ್ದು ಭಾರತದಿಂದ ಹೋದ ಇಂಥ ಗುಳಿಗೆಗಳಿಂದಲೇ. ಸೀಸ ಎದೆಹಾಲಿಗೂ ಇಳಿಯುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಬೇರು, ಕಾಳು ಇಡಿಯಾಗಿ ಕೊಂಡು ಮನೆಯಲ್ಲೇ ಪುಡಿ ಮಾಡಿ. ಹೆಸರಿಲ್ಲದ ಪೊಟ್ಟಣದ ಪುಡಿ ಬೇಡ.

ತುಂಗಾತೀರ
ತುಂಬಾ ಉಪಕಾರ ಆಯ್ತು. ಇಂಜೆಕ್ಷನ್ ಇರುವಾಗ ಬೆಳ್ಳುಳ್ಳಿ, ಅರಿಸಿನ ಹೇಗೆ? ಬಾಣಂತಿ ಸಾರಲ್ಲಿ ಎರಡೂ ಜಾಸ್ತಿ.

ಹೆರಿಗೆ ವಾರ್ಡ್
ಅಡುಗೆಗೆ ಹಾಕೋದು ಹಾಕಿ. ಬೆಳ್ಳುಳ್ಳಿ ಕ್ಯಾಪ್ಸೂಲ್, ಕರ್ಕ್ಯುಮಿನ್ ಮಾತ್ರೆ ಮಾತ್ರ ಬೇಡ, ಅವು ಗಟ್ಟಿ ಸಾರ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ಇಂಜೆಕ್ಷನ್ ಮೇಲೆ ಅವೂ ಸೇರಿದ್ರೆ ರಕ್ತಸ್ರಾವ ಹೆಚ್ಚಬಹುದು. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆಂದ್ರೆ, ಹೊಲಿಗೆಯಿಂದ ರಕ್ತ ಜಿನುಗಿದ್ರೆ ತಕ್ಷಣ ಹೊರಡಿ.

ಬಿಪಿ ಮಿಷನ್ ಮನೇಲಿರಲಿ. ಬೆಳಿಗ್ಗೆ, ಸಂಜೆ, 5 ನಿಮಿಷ ಕೂತ ಮೇಲೆ ನೋಡಿ ಬರೆದಿಡಿ. 150/100 ದಾಟಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 160/110 ಬಂದ್ರೆ, ಇಲ್ಲ ತಲೆ ಸಿಡಿಯೋದು, ಕಣ್ಣು ಮಂಜಾಗೋದು, ಹೊಟ್ಟೆ ಮೇಲ್ಭಾಗ ನೋಯೋದು ಇದ್ರೆ ಕಾಯದೆ ಆಸ್ಪತ್ರೆಗೆ. ಬಾಣಂತಿಗೆ ತಲೆನೋವು ಬಂದ್ರೆ "ಗಾಳಿ ಹೊಕ್ಕಿದೆ" ಅಂತ ತಲೆಗೆ ಬಟ್ಟೆ ಕಟ್ಟಿ ಮಲಗಿಸ್ತಾರೆ. ಹೆರಿಗೆ ಆಗಿ 6 ವಾರದವರೆಗೂ ಮೊದಲು ಬಿಪಿ ನೋಡಿ, ಬಟ್ಟೆ ಆಮೇಲೆ.

ಔಷಧಿ ಕೌಂಟರ್
ಒಂದು ಸೇರಿಸಬೇಕು. ಬಾಣಂತನದ ಬೇಸರಕ್ಕೆ ಅಂತ ಆನ್‌ಲೈನಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬ ವಿದೇಶಿ ಗಿಡಮೂಲಿಕೆಯ ಕ್ಯಾಪ್ಸೂಲ್ ಸಿಗುತ್ತದೆ. ಅದು ಹಿಪ್ಪಲಿಗೆ ತದ್ವಿರುದ್ಧ: ಕಿಣ್ವ ಹೆಚ್ಚಿಸಿ ಮಾತ್ರೆಗಳನ್ನು ಬೇಗ ಕರಗಿಸಿಬಿಡುತ್ತದೆ. ನಿಫೆಡಿಪಿನ್ ಸಾಲದೆ ಹೋಗುತ್ತದೆ, ಮುಂದೆ ಗರ್ಭನಿರೋಧಕ ಮಾತ್ರೆಯೂ ಕೈಕೊಡುತ್ತದೆ. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಪರಿಣಾಮ ಉಳಿಯುತ್ತದೆ. ಬೇಸರ ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ, ಹಾಲೂಡಿಸುವವರಿಗೆ ಆಗುವ ಮಾತ್ರೆಗಳಿವೆ. ಹೋಗುವಾಗ ಉಂಡೆ, ಕಷಾಯದ ಸಾಮಾನೂ ಸೇರಿಸಿ ಒಂದೇ ಹಾಳೆಯಲ್ಲಿ ಪಟ್ಟಿ ಬರೆದುಕೊಂಡು ಹೋಗಿ.