ನೋಹನ ನಾವೆ ನಿಲ್ಲಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಚರ್ಚಿನ ಯುವಜನರ ಕಾರ್ಯಕ್ರಮಕ್ಕೆ ನೋಹನ ನಾವೆ, ಅಂದರೆ ಜಲಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ಬೈಬಲ್ ಕಥೆಯ ಹಡಗಿನ ಸೆಟ್, ಕಟ್ಟುತ್ತಿದ್ದೇವೆ. ಬೈಬಲಿನಲ್ಲಿ ಅದು 300 ಮೊಳ ಉದ್ದ, 30 ಮೊಳ ಎತ್ತರ. ನಮ್ಮ ಸ್ಟೇಜ್ 30 ಅಡಿ. ಅದೇ ಲೆಕ್ಕ ಹಿಡಿದರೆ ಎತ್ತರ ಬರೀ 3 ಅಡಿ ಬರುತ್ತದೆ, ಆನೆ ಎಲ್ಲಿ ನಿಲ್ಲಬೇಕು? ಹಾಗಾಗಿ 12 ಅಡಿಗೆ ಏರಿಸಿದೆವು. ತೊಂದರೆ ಶುರುವಾಗಿದ್ದೇ ಅಲ್ಲಿ. ಅಡಿಕೆ ಮರದ ಸಲಾಕೆಗೆ ಪ್ಲೈವುಡ್ ಹೊಡೆದಿದ್ದೇವೆ, ಆದರೆ ಸಂಜೆ ಗಾಳಿಗೆ ಇಡೀ ನಾವೆ ತೂಗುತ್ತದೆ. ನೀರೇ ಇಲ್ಲದೆ!

ಹಿಂದಿನಿಂದ ಆಧಾರ ಕೊಡುವುದು ಹೇಗೆಂದು ತೋರಿಸಲು ಮರಗೆಲಸ ಗೊತ್ತಿರುವವರು ಒಬ್ಬರು ಬೇಕು. ಪೇಂಟಿಂಗಿಗೆ ನಾಲ್ಕೈದು ಜನ. ಎನಾಮೆಲ್ ಮಾತ್ರ ತರಬೇಡಿ. ಮೊನ್ನೆ ಥರ್ಮೋಕೋಲ್ ಜಿರಾಫೆಯ ಕುತ್ತಿಗೆ ಅದರಿಂದಲೇ ಕರಗಿ ಹೋಯಿತು. ನೀರಿನ ಪೇಂಟೇ ಸಾಕು.

ದಿನಾ ಸಂಜೆ 6ರಿಂದ 9. ಸಂಬಳ ಇಲ್ಲ, ಗಂಜಿ ಚಟ್ನಿ ಉಂಟು. ಬರುವವರು ಇಲ್ಲೇ ತಿಳಿಸಿ.